ಆಮದಾರರ ಹೆಂಡತಿ ಹೇಳಿದ ಹೆಸರು

ಗೋರೆಗಾಂವ್ ಸ್ಟೇಶನ್ ಮುಟ್ಟುವ ಮೊದಲೇ ರೈಲು ನಿಂತುಬಿಟ್ಟಿತು. ಸಿಗ್ನಲ್ ಸಿಗದೆ ನಿಂತ ರೈಲು ಬೇರೆ, ಹೆದರಿ ನಿಂತ ರೈಲು ಬೇರೆ. ಮುಂಬಯಿಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿದ ರುದ್ರವ್ವನಿಗೆ ಅಷ್ಟು ತಿಳಿಯುತ್ತಿತ್ತು. ಮುಂದಿನ ಡಬ್ಬಿಗಳ ಕಡೆಯಿಂದ ಕೂಗಾಟ ಕೇಳಿಸಿತು, ಹಿಂದೆಯೇ ಗಾಜು ಒಡೆದ ಸದ್ದು. ಪಕ್ಕದಲ್ಲಿ ಕೂತ ಗಂಡನನ್ನು ಮೊಣಕೈಯಿಂದ ತಿವಿದಳು.

“ರೀ, ಏನೋ ಆಗೇತ್ರಿ.”

“ಸುಮ್ಮನ ಕೂಡು. ಮುಖದ ಮ್ಯಾಲ ತೋರಿಸಬ್ಯಾಡ,” ಎಂದ ಬಸವಂತಪ್ಪ. ಹಾಗೆಂದವನ ಮುಖವೇ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

ಈ ಬಸವಂತಪ್ಪ ಬಂದು ಹೋಗುವ ಪ್ರಯಾಣಿಕನಲ್ಲ. ಸಯನ್ ಕಡೆಯಿಂದ ಆರಿಸಿ ಬಂದು ಮುಂಬಯಿ ರಾಜ್ಯದ ವಿಧಾನಸಭೆಯಲ್ಲಿ ಕೂತ ಶಾಸಕ. ಶಾಸಕರಿಗೆ ಮರಾಠಿಯವರು ಆಮದಾರ್ ಅನ್ನುತ್ತಾರೆ, ಬೆಳಗಾವಿ ಕಡೆಯವರ ಬಾಯಲ್ಲೂ ಅದೇ ಮಾತು. ಆಮದಾರ್ ಸಾಹೇಬರು ಎಂದರೆ ಇಸ್ತ್ರಿ ಮಾಡಿದ ಖಾದಿ ಕೋಟು, ಬಿಳಿ ಟೊಪ್ಪಿಗೆ, ತಿದ್ದಿ ತೀಡಿದ ಮೀಸೆ. ಆ ದಿನ ಮೂರರಲ್ಲಿ ಒಂದೂ ಮೈಮೇಲೆ ಇರಲಿಲ್ಲ. ತನ್ನ ಬಟ್ಟೆ ಅಂಗಡಿಯಲ್ಲಿ ಅರಿವೆ ಅಳೆಯುವ ಕಾಶಪ್ಪನ, ಅಂದರೆ ಚಿಕ್ಕಪ್ಪನ ಮಗನ, ಮಾಸಿದ ಕೋಟು ಹಾಕಿಕೊಂಡಿದ್ದ. ತೋಳು ಗಿಡ್ಡವಾಗಿ ಮಣಿಕಟ್ಟು ಹೊರಗೆ ಕಾಣುತ್ತಿತ್ತು. ಮೀಸೆಯನ್ನು ಬೆಳಿಗ್ಗೆ ತಾನೇ ಬೋಳಿಸಿಕೊಂಡಿದ್ದ. ಆತುರದಲ್ಲಿ ಮೇಲ್ದುಟಿ ಕೊಯ್ದುಕೊಂಡಿದ್ದ.

ಅದು ಐವತ್ತಾರನೇ ಇಸವಿಯ ಜನವರಿ. ಮುಂಬಯಿಯನ್ನು ಮಹಾರಾಷ್ಟ್ರಕ್ಕೆ ಸೇರಿಸುವುದಿಲ್ಲ, ಬೇರೆಯೇ ಇಡುತ್ತೇವೆ ಎಂದು ದಿಲ್ಲಿಯಿಂದ ಸುದ್ದಿ ಬಂದದ್ದೇ ಊರು ಹೊತ್ತಿಕೊಂಡಿತು. ಜನ ಬೀದಿಗಿಳಿದರು, ಕಲ್ಲು ಹಾರಿದವು, ಗೋಲೀಬಾರ್ ಆಯಿತು, ಹೆಣ ಬಿದ್ದವು. ಮಕ್ಕಳನ್ನು ಕಳೆದುಕೊಂಡವರ ಸಿಟ್ಟು ಆಳುವ ಪಕ್ಷದ ಆಮದಾರರ ಕಡೆ ತಿರುಗಿತು. ತಿರುಗದೆ ಇನ್ನೆಲ್ಲಿ ಹೋಗಬೇಕು? ಬಸವಂತಪ್ಪ ಆಳುವ ಪಕ್ಷದವನು, ಮೇಲಾಗಿ ಕನ್ನಡದವನು. ಹಿಂದಿನ ದಿನ ಮನೆಯ ಕಿಟಕಿಗೆ ಕಲ್ಲು ಬಿದ್ದಿತ್ತು. ಬೆಳಗಾಗುವಾಗ ಬಾಗಿಲಿಗೆ ಯಾರೋ ಡಾಂಬರು ಬಳಿದು ಹೋಗಿದ್ದರು. ದಹಿಸರ್‌ನಲ್ಲಿ ಬೈಲಹೊಂಗಲದ ಈರಣ್ಣನ ಕಿರಾಣಿ ಅಂಗಡಿ ಇತ್ತು, ಅಂಗಡಿಯ ಹಿಂದೆ ಎರಡು ಖೋಲಿ. ಅಲ್ಲಿಗೆ ಮುಟ್ಟಿಬಿಟ್ಟರೆ ಜೀವ ಉಳಿದಂತೆ ಎಂದುಕೊಂಡು ಗಂಡಹೆಂಡಿರು ಮಾಹಿಮ್‌ವರೆಗೆ ನಡೆದು ಬಂದು ಮೂರನೇ ದರ್ಜೆಯ ಡಬ್ಬಿ ಹತ್ತಿದ್ದರು. ಅಂಗಡಿ, ಮನೆ ಎರಡನ್ನೂ ಕಾಶಪ್ಪನಿಗೆ ಒಪ್ಪಿಸಿದ್ದರು.

ಮುಂದಿನದು ತಿಳಿಯಬೇಕಾದರೆ ಇಲ್ಲೊಂದು ಮಾತು ಹೇಳಬೇಕು. ಬಸವಂತಪ್ಪ ಎಂಬ ಹೆಸರನ್ನು ನಾವು ಬೇಕಾದಷ್ಟು ಸಲ ಹೇಳಬಹುದು, ರುದ್ರವ್ವ ಹೇಳುವಂತಿರಲಿಲ್ಲ. ಅವಳ ಕಡೆಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ, ಆಯಿ, ಅತ್ತೆ ಎಲ್ಲರೂ ಸೇರಿ ಹೆದರಿಸಿ ಇಟ್ಟಿದ್ದರು. ಹೇಳಲೇಬೇಕಾಗಿ ಬಂದಾಗ ಒಂದು ಒಡಪು ಕಟ್ಟಿ, ಎರಡು ಸಾಲಿನ ಪ್ರಾಸದಲ್ಲಿ ಹೆಸರನ್ನು ಹುದುಗಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೇಳಬೇಕು. ಮರಾಠಿ ಹೆಂಗಸರಲ್ಲೂ ಇದೇ ಪದ್ಧತಿ. ‘ನಾವ್ ಘೇ’ ಅನ್ನುತ್ತಾರೆ ಅವರು, ಗಂಡನ ಹೆಸರು ತೆಗೆದುಕೋ ಎಂದು.

ಐವತ್ತೆರಡರ ಮೊದಲನೇ ಎಲೆಕ್ಷನ್ನಿನಲ್ಲಿ ಈ ಪದ್ಧತಿಯಿಂದ ಒಂದು ತಮಾಷೆಯೇ ನಡೆದಿತ್ತು. ಶಾಲೆಯ ಕೋಣೆಯಲ್ಲಿ ಪರದೆಯ ಹಿಂದೆ ಸಾಲಾಗಿ ಪೆಟ್ಟಿಗೆ ಇಟ್ಟಿದ್ದರು, ಎಲೆಕ್ಷನ್ನಿಗೆ ನಿಂತವರಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರವರ ಚಿತ್ರ. ಬೇಕಾದವರ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರುವುದು. ರುದ್ರವ್ವನ ಸರದಿ ಬಂದಾಗ ಮೇಜಿನ ಹಿಂದಿನ ಅಧಿಕಾರಿ ಗಂಡನ ಹೆಸರು ಕೇಳಿದ. ರುದ್ರವ್ವ ನೆಲ ನೋಡಿದಳು. ಅವನು ಮತ್ತೆ ಕೇಳಿದ. ನಿಂತವನ ಹೆಂಡತಿಗೇ ಓಟು ಇಲ್ಲದ ಹಾಗಾಗುತ್ತದೆ ಎಂದು ಹೊರಗೆ ಬಸವಂತಪ್ಪ ಚಡಪಡಿಸಿದ. ಹಿಂದೆ ನಿಂತ ಮರಾಠಿ ಹೆಂಗಸರು “ನಾವ್ ಘೇ ವಹಿನಿ, ನಾವ್ ಘೇ!” ಎಂದು ಚಪ್ಪಾಳೆ ಹೊಡೆದರು. ರುದ್ರವ್ವ ಸೆರಗು ಮುಖಕ್ಕೆ ಎಳೆದುಕೊಂಡು ಆಗಿಂದಾಗ ಕಟ್ಟಿ ಹೇಳಿದಳು:

“ಸಣ್ಣ ಪೆಟ್ಟಿಗಿ, ಸಾಲು ಪೆಟ್ಟಿಗಿ, ಮ್ಯಾಲ ಚಿತ್ರದ ಚೀಟಿ,
ಬಸವಂತಪ್ಪನ ಹೆಂಡ್ತಿ ನಾನು, ಇಲ್ಲ ಯಾರೂ ಸಾಟಿ.”

ಬೂತಿಗೆ ಬೂತೇ ನಕ್ಕಿತು. ಅಧಿಕಾರಿಯೂ ನಕ್ಕ. ಓಟು ಎಣಿಸಿ ಬಸವಂತಪ್ಪ ಗೆದ್ದಾಗ ಮರಾಠಿಯವರು, ಕನ್ನಡದವರು ಕೂಡಿಯೇ ಅವನನ್ನು ಹೆಗಲ ಮೇಲೆ ಹೊತ್ತು ತಂದರು, ಬಾಗಿಲಲ್ಲಿ ರುದ್ರವ್ವನ ಬಾಯಿಂದ ಮತ್ತೊಮ್ಮೆ ಆ ಒಡಪು ಹೇಳಿಸಿ ಗುಲಾಲು ಎರಚಿದರು. ಆ ದಿನ ಅವಳಷ್ಟು ಸುಖಿ ಸಯನ್‌ನಲ್ಲಿ ಇನ್ನೊಬ್ಬಳಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಬಸವಂತಪ್ಪ ಕೆಟ್ಟ ಆಮದಾರನೇನೂ ಆಗಲಿಲ್ಲ. ಚಾಳುಗಳ ಸಾಲುಮನೆಗಳಿಗೆ ನಳ ಹಾಕಿಸಿದ, ಬೀದಿ ದೀಪ ತರಿಸಿದ, ಆಸ್ಪತ್ರೆಗೆ ಬಂದ ಬಡವರಿಗೆ ಚೀಟಿ ಬರೆದುಕೊಟ್ಟ. ಸಭೆಯ ಒಳಗೆ ಮಾತ್ರ ಅವನ ನಾಲಗೆ ಏಳುತ್ತಿರಲಿಲ್ಲ. ಮುಂದಿನ ಬೆಂಚಿನವರು ಕೈ ಎತ್ತಿದಾಗ ಎತ್ತುವುದು, ಇಳಿಸಿದಾಗ ಇಳಿಸುವುದು. ಹೀಗೆ ಕೈ ಎತ್ತಿಕೊಂಡೇ ಬಂದ ಮನುಷ್ಯ ಈಗ ಗೋರೆಗಾಂವ್‌ನ ಹಳಿಯ ಮೇಲೆ ಬೇರೆಯವನ ಕೋಟಿನಲ್ಲಿ ಮುದುಡಿ ಕೂತಿದ್ದ.

“ಇಳೀರಿ, ಎಲ್ಲಾರೂ ಇಳೀರಿ! ಗಾಡಿ ಮುಂದ ಹೋಗೂದಿಲ್ಲ,” ಎಂದು ಹುಡುಗರು ಡಬ್ಬಿಯ ಬಾಗಿಲು ಬಡಿಯುತ್ತ ಮರಾಠಿಯಲ್ಲಿ ಕೂಗಿದರು. ಜನ ಜಲ್ಲಿಯ ಮೇಲೆ ಧುಮುಕಿದರು. ರುದ್ರವ್ವ ಗಂಟು ಎದೆಗವಚಿಕೊಂಡು ಇಳಿದಳು. ಹಳಿಯ ಮೇಲೆ ಕಲ್ಲು, ಮರದ ದಿಮ್ಮಿ ಒಟ್ಟಿದ್ದರು. ಆಚೆ ರಸ್ತೆಯ ಗೇಟಿನ ಹತ್ತಿರ ಕಪ್ಪು ಹೊಗೆ ಏಳುತ್ತಿತ್ತು. ಇಳಿದವರೆಲ್ಲ ಆ ಗೇಟಿನ ಮೂಲಕವೇ ಹೋಗಬೇಕು, ಗೇಟಿನಲ್ಲಿ ಗುಂಪು ನಿಂತು ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಸರು, ಊರು, ಕೆಲಸ ಕೇಳುತ್ತಿತ್ತು.

“ಕೇಳಿದರ ಕಾಶಪ್ಪ ಅಂತ ಹೇಳತೀನಿ,” ಎಂದು ಬಸವಂತಪ್ಪ ಪಿಸುಗುಟ್ಟಿದ. “ಅರಿವಿ ಅಂಗಡ್ಯಾಗ ಕೆಲಸ. ನೀ ಬಾಯಿ ತಗೀಬ್ಯಾಡ.”

ಅವನಿಗೆ ಆ ಹೆಸರು ಸುಲಭವಾಗಿ ಹೊಳೆದಿತ್ತು, ಕೋಟು ಅವನದೇ ತಾನೆ. ರುದ್ರವ್ವನಿಗೆ ಮಾತ್ರ ಅದು ಸರಿಬೀಳಲಿಲ್ಲ. ಅವಳು ಮದುವೆಯಾಗಿ ಬಂದಾಗ ಕಾಶಪ್ಪ ಮೂಗು ಸೋರುವ ಹುಡುಗ. ತಾಯಿಯಿಲ್ಲದ ಆ ಮೈದುನನಿಗೆ ರೊಟ್ಟಿ ಮುರಿದು ತಿನ್ನಿಸಿದವಳು, ತಲೆಗೆ ಎಣ್ಣೆ ಒತ್ತಿದವಳು ಅವಳೇ. ಆದರೂ ಜೀವ ಹೋಗುವ ಹೊತ್ತಿನಲ್ಲಿ ಹೆಸರೇನು ಮಹಾ ಎಂದು ತನಗೆ ತಾನೇ ಹೇಳಿಕೊಂಡಳು.

ಗೇಟಿನಲ್ಲಿ ಬಸವಂತಪ್ಪ ತಲೆ ತಗ್ಗಿಸಿ ಹೇಳಬೇಕಾದ್ದನ್ನು ಹೇಳಿದ. ಮುಂದೆ ನಿಂತವನು ಹೋಗು ಎಂದು ಕೈ ಬೀಸಿದ. ಎರಡು ಹೆಜ್ಜೆ ಇಟ್ಟಿರಲಿಲ್ಲ, ಪಕ್ಕದಿಂದ ಒಬ್ಬ ಯುವಕ “ತಡೀರಿ, ತಡೀರಿ,” ಎಂದ. ಅವನ ತಲೆಗೆ ಪಟ್ಟಿ ಕಟ್ಟಿತ್ತು, ಪಟ್ಟಿಯ ಮೇಲೆ ರಕ್ತ ಒಣಗಿತ್ತು. ಬಸವಂತಪ್ಪನ ಗದ್ದ ಹಿಡಿದು ಎತ್ತಿ ನೋಡಿದ.

“ಈ ಮುಖ ನಾನು ನೋಡಿದ್ದೇನೆ. ಸಯನ್‌ನ ಸಭೆಯಲ್ಲಿ ಹಾರ ಹಾಕಿಕೊಂಡು ಕೂತಿದ್ದ. ಆಮದಾರ ಇವನು.”

“ಅಲ್ಲಪ್ಪಾ, ನಾ ಕಾಶಪ್ಪ...”

“ಮೀಸೆ ಈಗಷ್ಟೇ ತೆಗೆದಿದ್ದಾನೆ, ನೋಡಿ ಗಾಯ!”

ಗುಂಪು ಒಮ್ಮೆಲೇ ಹತ್ತಿರ ಬಂತು. ಯಾರೋ ಕೋಟಿನ ಕಾಲರ್ ಹಿಡಿದರು, ಇನ್ನಾರೋ ಹಿಂದಿನಿಂದ ತಳ್ಳಿದರು. ರುದ್ರವ್ವನಿಗೆ ಅವರ ಮುಖ ಕಾಣಲಿಲ್ಲ, ಕೈ ಮಾತ್ರ ಕಂಡವು, ಕೈಯಲ್ಲಿದ್ದ ಕಲ್ಲು ಕಂಡವು. ಇವರು ಕಳ್ಳರೋ ಪುಂಡರೋ ಆಗಿದ್ದರೆ ಹೆದರಿಕೆ ಇಷ್ಟು ಇರುತ್ತಿರಲಿಲ್ಲ. ಗಿರಣಿಗೆ ಹೋಗುವವರು, ಹಾಲು ಹಾಕುವವರು, ತನ್ನ ಓಣಿಯಲ್ಲೂ ಇರುವಂಥವರು. ಇವರಿಗೆ ಸಿಟ್ಟು ಬರಲು ಕಾರಣವಿತ್ತು.

ಆಗ ಗುಂಪನ್ನು ಸರಿಸಿಕೊಂಡು ಒಬ್ಬ ಮುದುಕಿ ಮುಂದೆ ಬಂದಳು. ಕಚ್ಚೆ ಹಾಕಿದ ಸೀರೆ, ಬರಿದಾದ ಹಣೆ, ಅತ್ತು ಅತ್ತು ಊದಿದ ಕಣ್ಣು. ಅವಳನ್ನು ಕಂಡು ಗಲಾಟೆ ಸ್ವಲ್ಪ ತಗ್ಗಿತು. “ಗಂಗುಬಾಯಿ, ನೀನೇ ಹೇಳು, ಏನು ಮಾಡೋಣ,” ಎಂದ ಪಟ್ಟಿಯ ಯುವಕ. ಅವಳ ಮಾತು ಅಲ್ಲಿ ನಡೆಯುತ್ತದೆ ಎಂದು ರುದ್ರವ್ವನಿಗೆ ಅರ್ಥವಾಯಿತು. ಯಾಕೆ ನಡೆಯುತ್ತದೆ ಎಂಬುದು ಆಮೇಲೆ ತಿಳಿಯಿತು: ಆ ವಾರವೇ ಪರೇಲ್ ಕಡೆಯ ಗೋಲೀಬಾರಿನಲ್ಲಿ ಅವಳ ಒಬ್ಬನೇ ಮಗ ಸತ್ತಿದ್ದ.

ಗಂಗುಬಾಯಿ ಬಸವಂತಪ್ಪನ ಕಡೆ ನೋಡಲೇ ಇಲ್ಲ. ರುದ್ರವ್ವನ ಮುಂದೆ ಬಂದು ನಿಂತಳು.

“ಇವನು ನಿನ್ನ ಗಂಡನೇ?”

ರುದ್ರವ್ವ ತಲೆಯಾಡಿಸಿದಳು.

“ಗಂಡಸರ ಮಾತು ಬಿಡು, ಜೀವಕ್ಕೆ ಹೆದರಿ ಏನಾದರೂ ಹೇಳುತ್ತಾರೆ. ಕುಂಕುಮ ಇಟ್ಟ ಹೆಂಗಸು ಬೇರೆಯವನ ಹೆಸರನ್ನು ಗಂಡನ ಹೆಸರು ಅಂತ ಬಾಯಲ್ಲಿ ತರುವುದಿಲ್ಲ. ನೀನು ಹೆಸರು ತೆಗೆದುಕೋ. ನಿನ್ನ ಭಾಷೆಯಲ್ಲೇ ತೆಗೆದುಕೋ. ನಾವು ಕೇಳುತ್ತೇವೆ.”

“ಹೌದು, ನಾವ್ ಘೇ,” ಎಂದರು ಗುಂಪಿನಲ್ಲಿದ್ದ ಹೆಂಗಸರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ರುದ್ರವ್ವ ಗಂಟನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ನಿಜ ಹೇಳಿದರೆ ಗಂಡ ಈಗಲೇ ಸಾಯುತ್ತಾನೆ, ಈ ಜಲ್ಲಿಯ ಮೇಲೇ, ತನ್ನ ಕಣ್ಣ ಮುಂದೆ. ಸುಳ್ಳು ಹೇಳಿದರೆ? ಮಗನಂತೆ ಸಾಕಿದ ಮೈದುನನ ಹೆಸರನ್ನು ತಾಳಿಗೆ ಕಟ್ಟಿದಂತಾಗುತ್ತದೆ. ಆ ಪಾಪಕ್ಕೆ ಯಾವ ದೇವರ ಹತ್ತಿರ ಹೋಗಬೇಕೋ ಅವಳಿಗೆ ತಿಳಿಯದು. ಗಂಡನ ಕಡೆ ನೋಡಿದಳು. ಹೇಳು, ಬೇಗ ಹೇಳು ಎನ್ನುತ್ತಿತ್ತು ಅವನ ಕಣ್ಣು. ಬೇಡ ಎನ್ನಲಿಲ್ಲ. ಒಂದು ಗಳಿಗೆಯಾದರೂ ಬೇಡ ಎಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

“ಅಂಗಳದಾಗ ತುಳಸಿ, ಹಿತ್ತಲದಾಗ ಬಾಳಿ,
ಕಾಶಪ್ಪನ ಹೆಸರೀಲೆ ನನ್ನ ಕೊರಳಾಗ ತಾಳಿ.”

ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಗಂಗುಬಾಯಿ ಅವಳ ಮುಖವನ್ನೇ ನೋಡುತ್ತ ನಿಂತಳು.

“ಬಿಡಿ ಅವರನ್ನು,” ಎಂದಳು ಕೊನೆಗೆ ಗಂಗುಬಾಯಿ. “ಕಾಶಪ್ಪ ಅಂತೆ.”

ಪಟ್ಟಿಯ ಯುವಕ ಕಾಲರ್ ಬಿಟ್ಟ. “ಮುಂದೆ ರಸ್ತೆಯಲ್ಲಿ ಇನ್ನೂ ಗುಂಪುಗಳಿವೆ,” ಎಂದು ಗೊಣಗಿದ. “ಅಲ್ಲಿ ಯಾರೂ ಒಡಪು ಕೇಳುತ್ತ ಕೂರುವುದಿಲ್ಲ.”

“ಗೊತ್ತಿದೆ. ನನ್ನ ಖೋಲಿಯಲ್ಲಿ ಇರಲಿ, ಗಲಾಟೆ ಇಳಿಯುವವರೆಗೆ,” ಎಂದು ಗಂಗುಬಾಯಿ ಮುಂದೆ ನಡೆದಳು.

ಅವಳ ಹಿಂದೆ ಹೋಗದೆ ದಾರಿಯಿರಲಿಲ್ಲ. ಚಾಳಿನ ಕೊನೆಯ ಖೋಲಿ. ಒಳಗೆ ಮೂಲೆಯಲ್ಲಿ ನಂದಾದೀಪ, ಅದರ ಮುಂದೆ ಒಂದು ಜೊತೆ ಚಪ್ಪಲಿ, ಗಿರಣಿಗೆ ಹೋಗುವ ಗಂಡಸಿನದು. ಮಗನ ಚಪ್ಪಲಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬಸವಂತಪ್ಪ ಗೋಡೆಗೆ ಒರಗಿ ಕುಕ್ಕರಿಸಿದ. ರುದ್ರವ್ವ ಬಾಗಿಲ ಹತ್ತಿರವೇ ಕೂತಳು, ಹೊರಗೆ ಯಾರ ಹೆಜ್ಜೆ ಸದ್ದಾದರೂ ತಿರುಗಿ ನೋಡುತ್ತಿದ್ದಳು. ಗಂಗುಬಾಯಿ ಸ್ಟೋವು ಹಚ್ಚಿ ಹಾಲಿಲ್ಲದ ಚಹಾ ಮಾಡಿದಳು. ಸತ್ತ ಮನೆಯ ಚಹಾ ಕುಡಿಯಲು ರುದ್ರವ್ವನಿಗೆ ಮನಸ್ಸಾಗಲಿಲ್ಲ, ಕುಡಿಯದಿದ್ದರೆ ಏನು ತಿಳಿದುಕೊಳ್ಳುತ್ತಾಳೋ ಎಂದು ಹೆದರಿ ಕುಡಿದಳು.

ಬಸವಂತಪ್ಪ ಚಹಾದ ಬಸಿಯನ್ನು ತುಟಿಗೆ ಒಯ್ದಿದ್ದ. ಗಂಗುಬಾಯಿ ಅವನೆದುರು ಕೂತು ಮೆಲ್ಲಗೆ ಕೇಳಿದಳು:

“ಸಕ್ಕರೆ ಸಾಕೇ, ಆಮದಾರ್ ಸಾಹೇಬ?”

ಬಸಿ ಅವನ ಕೈಯಿಂದ ಜಾರಿ ಕೋಟಿನ ಮೇಲೆಲ್ಲ ಚಹಾ ಚೆಲ್ಲಿತು. ರುದ್ರವ್ವ ಕೂತಲ್ಲೇ ಮುಂದೆ ಬಾಗಿ ಗಂಗುಬಾಯಿಯ ಕಾಲು ಹಿಡಿದುಕೊಂಡಳು. ಒಂದು ಕೂಗು ಹಾಕಿದರೆ ಸಾಕು, ಗೇಟಿನ ಗುಂಪೆಲ್ಲ ಇಲ್ಲಿಗೇ ಬರುತ್ತದೆ.

“ಕಾಲು ಬಿಡು,” ಎಂದಳು ಗಂಗುಬಾಯಿ. “ಕೂಗಬೇಕಾಗಿದ್ದರೆ ಅಲ್ಲೇ ಕೂಗುತ್ತಿದ್ದೆ. ನೀನು ಹೆಸರು ಹೇಳಿದ ಕೂಡಲೇ ನನಗೆ ಗೊತ್ತಾಯಿತು. ಗಂಡನ ಹೆಸರು ತೆಗೆದುಕೊಳ್ಳುವಾಗ ಮುದುಕಿಯಾದರೂ ಕಿವಿ ಕೆಂಪಾಗುತ್ತದೆ. ನಾನು ನನ್ನ ಗಂಡನ ಹೆಸರನ್ನು ಅವನು ಹೋದ ಮೇಲೂ ನಾಚಿಕೊಂಡೇ ಹೇಳಿದ್ದೇನೆ. ನಿನಗೆ ನಾಚಿಕೆ ಬರಲಿಲ್ಲ. ಕಹಿ ಮದ್ದು ಉಗುಳಿದ ಹಾಗೆ ಹೇಳಿಬಿಟ್ಟೆ.”

ರುದ್ರವ್ವನಿಗೆ ಅಳು ಒತ್ತರಿಸಿ ಬಂತು. “ಮತ್ಯಾಕ ಬಿಟ್ಟೆ ತಾಯೀ?”

“ಹಾಗೆ ಹೇಳಿ ನೀನು ಏನು ಕಳೆದುಕೊಂಡೆ ಅಂತ ಅಲ್ಲಿದ್ದ ಗಂಡಸರಿಗೆ ಏನು ತಿಳಿಯಬೇಕು? ನನಗೆ ತಿಳಿಯಿತು. ಮಗ ಉಳಿಯುತ್ತಾನೆ ಅಂದಿದ್ದರೆ ನಾನೂ ಏನು ಬೇಕಾದರೂ ಹೇಳುತ್ತಿದ್ದೆ. ಅದಕ್ಕೆ ಬಿಟ್ಟೆ. ಇನ್ನೊಂದು ಹೆಣ ನೋಡುವ ಶಕ್ತಿ ನನಗಿಲ್ಲ.”

ಆಮೇಲೆ ಅವಳು ಬಸವಂತಪ್ಪನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ, ಅದಕ್ಕೇ ರುದ್ರವ್ವನಿಗೆ ಹೆಚ್ಚು ಹೆದರಿಕೆಯಾಯಿತು.

“ಸಾಹೇಬ, ಪೇಪರಿನಲ್ಲಿ ಇಷ್ಟು ಜನ ಸತ್ತರು ಅಂತ ಅಂಕಿ ಬರೆಯುತ್ತಾರೆ. ಆ ಅಂಕಿಯಲ್ಲಿ ನನ್ನ ಮಗ ಎಲ್ಲಿದ್ದಾನೆ? ಅವನು ಕಲ್ಲು ಹೊಡೆಯಲು ಹೋಗಿರಲಿಲ್ಲ. ಪಾಳಿ ಮುಗಿಸಿ ಮನೆಗೆ ಬರುತ್ತಿದ್ದ. ನನಗೆ ನಿಮ್ಮ ಸರಕಾರದ ಏನೂ ಬೇಡ. ನೀವು ಆ ದೊಡ್ಡ ಸಭೆಯಲ್ಲಿ ಎದ್ದು ನಿಂತು ಒಂದು ಸಲ ಅವನ ಹೆಸರು ಹೇಳಿ. ಲಹು ಭಿವಾ ಘಾಡಿ. ಅವನನ್ನು ಯಾಕೆ ಕೊಂದಿರಿ ಅಂತ ಕೇಳಿ. ಇಷ್ಟೇ. ನಿಮ್ಮ ಜೀವ ನಿಮಗೆ ಕೊಟ್ಟಿದ್ದೇನೆ, ನನ್ನ ಮಗನ ಹೆಸರು ನನಗೆ ಕೊಡಿ.”

ಬಸವಂತಪ್ಪ ಒದ್ದೆ ಕೋಟಿನೊಳಗೆ ಕೈ ಹಾಕಿ, ಎದೆಯ ಮೇಲಿದ್ದ ಲಿಂಗದ ಕರಡಿಗೆ ಹಿಡಿದುಕೊಂಡು ಆಣೆ ಮಾಡಿದ. ಹೇಳುತ್ತೇನೆ, ಮುಂದಿನ ಅಧಿವೇಶನದಲ್ಲೇ ಹೇಳುತ್ತೇನೆ ಎಂದ. ಅವನ ಕಣ್ಣಲ್ಲಿ ನೀರಿತ್ತು. ಆ ಗಳಿಗೆಯಲ್ಲಿ ಅವನು ಸುಳ್ಳು ಹೇಳಲಿಲ್ಲ, ಇಷ್ಟು ಮಾತ್ರ ಅವನ ಪರವಾಗಿ ಹೇಳಬಹುದು. ಮರುದಿನ ಗಂಗುಬಾಯಿಯೇ ಹಾಲಿನ ಲಾರಿಯೊಂದರಲ್ಲಿ ಅವರನ್ನು ದಹಿಸರ್ ಕಡೆ ಹತ್ತಿಸಿ ಕಳಿಸಿದಳು.

ಗಲಭೆ ಇಳಿದು ಸಯನ್‌ಗೆ ಮರಳಿದಾಗ ಮನೆ ಇತ್ತು, ಅಂಗಡಿ ಇತ್ತು, ಕಾಶಪ್ಪನೂ ನೆಟ್ಟಗಿದ್ದ. “ಬರ್ರಿ ವೈನಿ, ದೇವರ ದಯಾ,” ಎಂದು ಅತ್ತಿಗೆಯ ಕೈಯಿಂದ ಗಂಟು ಇಸಿದುಕೊಂಡ. ರುದ್ರವ್ವ ಅವನ ಮುಖ ನೋಡಲಿಲ್ಲ. ಅಂದಿನಿಂದ ಅವನನ್ನು ಊಟಕ್ಕೆ ಕರೆಯುವುದಾದರೂ ತಟ್ಟೆ ಸದ್ದು ಮಾಡಿ ಕರೆದಳೇ ಹೊರತು ಹೆಸರು ಹಿಡಿಯಲಿಲ್ಲ. ವೈನಿಗೆ ತನ್ನ ಮೇಲೆ ಯಾಕೋ ಸಿಟ್ಟು ಎಂದುಕೊಂಡು ಆ ಹುಡುಗ ಒಳಗೊಳಗೇ ಕೊರಗಿದ. ಅವನಿಗೆ ಏನೆಂದು ಹೇಳುವುದು? ಅವನು ಸ್ವಲ್ಪ ಕೆಮ್ಮಿದರೂ, ಅಂಗಡಿಯಿಂದ ಬರುವುದು ತಡವಾದರೂ, ತಾನು ಅವನ ಆಯುಷ್ಯಕ್ಕೆ ಕೈ ಹಾಕಿಬಿಟ್ಟೆನೆಂದು ಅವಳು ದೇವರ ಮುಂದೆ ದೀಪ ಹಚ್ಚಿ ಕೂರುತ್ತಿದ್ದಳು.

ಒಂದೇ ಒಂದು ಆಸೆ ಅವಳನ್ನು ಹಿಡಿದು ನಿಲ್ಲಿಸಿತ್ತು. ಗಂಡ ಸಭೆಯಲ್ಲಿ ಆ ಹೆಸರು ಹೇಳಿದರೆ ತಾನು ಹೇಳಿದ ಹೆಸರಿನ ಪಾಪ ತೊಳೆದುಹೋಗುತ್ತದೆ ಎಂದು ಅವಳು ನಂಬಿದ್ದಳು. ಯಾರೂ ಹೇಳಿಕೊಟ್ಟ ನಂಬಿಕೆಯಲ್ಲ, ತಾನೇ ಕಟ್ಟಿಕೊಂಡದ್ದು.

ಬಜೆಟ್ ಅಧಿವೇಶನ ಬಂತು. ಅವನು ಮಾತಾಡುವ ದಿನ ರುದ್ರವ್ವ ಪಾಸು ಮಾಡಿಸಿಕೊಂಡು ಕೋಟೆ ಭಾಗದ ವಿಧಾನಸಭೆಗೆ ಹೋಗಿ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಳು. ಕೆಳಗೆ ಸಾಲು ಸಾಲು ಟೊಪ್ಪಿಗೆ, ನಡುವೆ ಗಂಡ, ಮತ್ತೆ ಬೆಳೆದ ಮೀಸೆ. ಹೇಳಿದರೆ ಪಕ್ಷದವರು ಇವನನ್ನು ಬಿಡಲಿಕ್ಕಿಲ್ಲ ಎಂಬ ಭಯ ಒಂದು ಕಡೆ, ಹೇಳದಿದ್ದರೆ ಎಂಬ ಭಯ ಇನ್ನೊಂದು ಕಡೆ.

ಬಸವಂತಪ್ಪ ಎದ್ದು ನಿಂತ. ಸಯನ್‌ನ ಗಟಾರು, ಆಸ್ಪತ್ರೆಯ ರಸ್ತೆ, ನೀರಿನ ತಾಪತ್ರಯ ಎಲ್ಲ ಹೇಳಿದ. ಆಮೇಲೆ ತಡೆದು, “ಹೋದ ಜನವರಿಯಲ್ಲಿ...” ಎಂದ. ಮುಂದಿನ ಬೆಂಚಿನಿಂದ ಒಬ್ಬ ಹಿರಿಯರು ಮೆಲ್ಲಗೆ ಕತ್ತು ತಿರುಗಿಸಿ ಅವನನ್ನು ನೋಡಿದರು. ಹುಬ್ಬು ಸಹ ಗಂಟಿಕ್ಕಲಿಲ್ಲ. ಬರೀ ನೋಡಿದರು.

ಬಸವಂತಪ್ಪ ನೀರು ಕುಡಿದ. “ಹೋದ ಜನವರಿಯಲ್ಲಿ ಕೆಲವು ತಾಯಂದಿರು ಮಕ್ಕಳನ್ನು ಕಳಕೊಂಡರು. ಅವರ ದುಃಖದಲ್ಲಿ ನಾವೂ ಪಾಲುಗಾರರು,” ಎಂದ. ಮತ್ತೆ ಗಟಾರಿಗೆ ಬಂದ. ಸುತ್ತಲಿನವರು ಮೇಜು ಕುಟ್ಟಿದರು. ಗ್ಯಾಲರಿಯಲ್ಲಿ ರುದ್ರವ್ವ ತಲೆಯ ಮೇಲೆ ಕೈ ಹೊತ್ತು ಕೂತಳು.

“ಹೆಸರ ಹೇಳಲಿಲ್ಲಲ್ರೀ,” ಎಂದಳು ಮನೆಗೆ ಬಂದ ಮೇಲೆ.

“ಅದ ಅಲ್ಲೇನು ನಾ ಅಂದದ್ದು? ತಾಯಂದಿರು ಅಂದ್ನಲ್ಲ, ಅದರಾಗ ಆಕಿನೂ ಬಂದ್ಳು. ಹೇಳೂದಕ್ಕ ಒಂದು ಹೊತ್ತು ಇರತೈತಿ, ತಡಿ.”

ಆ ಹೊತ್ತು ಬರಲೇ ಇಲ್ಲ. ಮುಂದಿನ ಅಧಿವೇಶನದಲ್ಲಿ ಬಸವಂತಪ್ಪನಿಗೆ ಜ್ವರ ಬಂತು. ಅದರಾಚೆ ರಾಜ್ಯಗಳ ಗಡಿ ಬದಲಾಗಿ ಬೆಳಗಾವಿ, ಧಾರವಾಡದ ಶಾಸಕರೆಲ್ಲ ಮೈಸೂರಿಗೆ ಹೋದರು. ನನ್ನ ಬೆನ್ನಿಗೆ ಯಾರೂ ಉಳಿಯಲಿಲ್ಲ, ಒಬ್ಬನೇ ಹ್ಯಾಂಗ ಮಾತಾಡಲಿ ಎಂದ. ವರ್ಷ ಮುಗಿಯುವ ಹೊತ್ತಿಗೆ ಐವತ್ತೇಳರ ಎಲೆಕ್ಷನ್ನಿನ ಮಾತು ಶುರುವಾಯಿತು. ಟಿಕೆಟ್ ಯಾರಿಗೆ, ಯಾರಿಗಿಲ್ಲ ಎಂದು ಬಸವಂತಪ್ಪ ದಿನಾ ಒಬ್ಬೊಬ್ಬರ ಮನೆ ಬಾಗಿಲು ಕಾದ. ಕೊನೆಗೆ ಟಿಕೆಟ್ ಅವನಿಗೇ ಬಂತು. ತಂಟೆಯಿಲ್ಲದ ಮನುಷ್ಯ ಎಂದು ಮೇಲಿನವರಿಗೆ ಅವನ ಮೇಲೆ ಬಹಳ ವಿಶ್ವಾಸವಂತೆ.

ಆ ಸಂಜೆ ಮನೆ ತುಂಬ ಜನ. ಹಾರ, ಪೇಢೆ, ಬಗಲಲ್ಲಿ ಕೈ ಹಾಕಿ ಅಪ್ಪುವವರು. ಎಲ್ಲರೂ ಓಣಿಯ ಬಾಯಿಗೆ ಇಳಿದು ಜೀಪಿನ ಹತ್ತಿರ ನಿಂತಾಗ ಬಸವಂತಪ್ಪ ಅಡಿಗೆಮನೆಗೆ ಬಂದ. ಮುಖ ಅರಳಿತ್ತು.

“ನೀನೂ ಲಗೂನ ಸೀರಿ ಉಟಗೊಂಡು ಬಾ. ಚಾಳಿನ ಹೆಂಗಸರ ಕಡೆ ಹೋಗೂಣು.”

“ಗಂಗುಬಾಯಿ ಮಗನ ಹೆಸರ?” ಎಂದಳು ರುದ್ರವ್ವ.

“ಈಗ ಹೇಳಿದರ ಟಿಕೆಟ್ ಕಸಗೋತಾರ, ಇಷ್ಟೂ ತಿಳಿಯಂಗಿಲ್ಲೇನು? ಆರಿಸಿ ಬರಲಿ, ಮೊದಲನೇ ದಿನಾನ ಹೇಳತೀನಿ. ನಿನ್ನಾಣಿ.” ಇಷ್ಟು ಹೇಳಿ ದನಿ ಇಳಿಸಿದ. “ಈ ಸಲ ಗಾಳಿ ನಮ್ಮ ಕಡೆ ಇಲ್ಲ. ಮರಾಠಿ ಹೆಂಗಸರ ಓಟು ಬಿದ್ದರ ಉಳೀತೀನಿ, ಇಲ್ಲಂದರ ಮುಳುಗತೀನಿ. ಅವರಿಗೆಲ್ಲ ನಿನ್ನ ಒಡಪ ಇನ್ನೂ ನೆನಪೈತಿ. ಹೋದ ಕಡೆಯೆಲ್ಲಾ ಒಂದು ಸಲ ಹೇಳು, ನಗಸು. ಸಾಕು.”

ರುದ್ರವ್ವ ಒಲೆಯ ಮುಂದಿನಿಂದ ಎದ್ದಳು. ವರ್ಷವಿಡೀ ಅವಳನ್ನು ಹಿಂಡಿದ ಹೆದರಿಕೆ ಎದೆಯಲ್ಲಿ ಹುಡುಕಿದರೂ ಸಿಗಲಿಲ್ಲ. ಅದು ಇಲ್ಲದ್ದೇ ಅವಳಿಗೆ ವಿಚಿತ್ರವಾಗಿ ಕಂಡಿತು.

“ಒಡಪಿನ್ಯಾಗ ಯಾರ ಹೆಸರ ಹಾಕ್ಲಿ?”

“ಏನಂದಿ?”

“ಯಾರ ಹೆಸರ ಹಾಕ್ಲಿ, ಬಸವಂತಪ್ಪಾ?”

ಪ್ರಾಸವಿರಲಿಲ್ಲ, ಸೆರಗು ಹೆಗಲ ಮೇಲೇ ಇತ್ತು. ಓಣಿಯಲ್ಲಿ ಹೋಗುವ ಯಾರನ್ನೋ ಕರೆಯುವ ಹಾಗೆ, ಅವನ ಮುಖಕ್ಕೆ ಮುಖ ಕೊಟ್ಟು ಕರೆದಿದ್ದಳು. ಬಸವಂತಪ್ಪ ಥಟ್ಟನೆ ಬಾಗಿಲ ಕಡೆ ತಿರುಗಿ, ಹೊರಗಿನವರು ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡಿದ.